ಮೂರು ಸಲ ತಟ್ಟಿದರೆ

ಜೂನ್ ೪, ಮಂಗಳವಾರ

ಸಭಿಕರೇ ಇಲ್ಲದ ಈ ನೋಟುಪುಸ್ತಕದ ಮುಂದೆ ನಿಂತು, ಎದೆಯುಬ್ಬಿಸಿ ಸಾರುತ್ತಿದ್ದೇನೆ: ಕೆಲಸ ಸಿಕ್ಕಿತು. ನಾಟಕದ ಕಂಪನಿ ಮುಚ್ಚಿದ ಮೇಲೆ ಮೂರು ವರ್ಷ ಅಕ್ಕನ ಹೊಲಿಗೆ ಯಂತ್ರದ ತಾಳಕ್ಕೆ ತಲೆದೂಗುತ್ತ ಕೂತಿದ್ದು ಸಾಕು. ಇಪ್ಪತ್ತೆರಡು ವರ್ಷ ಸೈಡ್‌ವಿಂಗಿನ ಕತ್ತಲಲ್ಲಿ ನಿಂತು ಮಾತು ಮರೆತ ರಾಜರಿಗೂ ರಾಕ್ಷಸರಿಗೂ ಮುಂದಿನ ಸಾಲು ಪಿಸುಗುಟ್ಟಿದ ಈ ಪ್ರಾಂಪ್ಟರ್ ಇನ್ನು ಮುಂದೆ ಒಬ್ಬ ಹಿಂದಿ ಕಾದಂಬರಿಕಾರರ ಬರೆಯುವ ಕೈ.

ಮನೆ ಮೂರನೇ ಮಹಡಿ. ಲಿಫ್ಟಿನ ಬಾಗಿಲಿಗೆ ‘ರಿಪೇರಿಯಲ್ಲಿದೆ’ ಎಂಬ ಹಲಗೆ. ಅದರ ಮೇಲೆ ಕೂತ ಧೂಳು ನೋಡಿದರೆ ರಿಪೇರಿಗೆ ಹೋದವನು ಸತ್ತಿರಬೇಕು. ಬಾಗಿಲು ತೆರೆದವರು ಮಗಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ನನ್ನನ್ನೂ ಗಾಜಿನ ತುಂಡಿನ ಮೇಲೆ ಹರಡಿದ ಹನಿಯಂತೆ ನೋಡಿದರು.

“ಹಿಂದಿ ಬರೆಯೋಕೆ ಬರುತ್ತಾ, ಬರೀ ಮಾತಾಡೋಕಾ?”

“ತಾಯಿ, ನಮ್ಮ ಕಂಪನಿ ವರ್ಷಕ್ಕೆ ನಾಲ್ಕು ತಿಂಗಳು ಹಿಂದಿ ನಾಟಕಾನೇ ಆಡ್ತಿತ್ತು. ಪಾತ್ರಕ್ಕೊಂದು ಪ್ರತಿ ಅಂತ ನಾನೇ ಕೈಯಲ್ಲಿ ಬರೆದು ಹಂಚಿದೀನಿ.”

“ಸ್ವಲ್ಪ ಮೆಲ್ಲಗೆ ಹೇಳಿ. ಅಪ್ಪಂಗೆ ಹೋಗಿರೋದು ಕಣ್ಣು. ಕಿವಿ ಅಲ್ಲ.”

ಒಳಗೆ ಕಿಟಕಿಯ ಪಕ್ಕ ಮುದುಕಪ್ಪ ಕೂತಿದ್ದರು. ಎಪ್ಪತ್ತೆಂಟು ವರ್ಷ. ಊರವರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಾರಂತೆ, ಮಗಳೂ ಸೇರಿ, ಸಿಟ್ಟು ಬಂದಾಗ. ಈ ಊರಿನ ಕಾಲೇಜಿಗೆ ಹಿಂದಿ ಪಾಠ ಹೇಳಲು ಬಂದವರು ನಮ್ಮ ಭಾಷೆಯ ಹೆಣ್ಣನ್ನೇ ಮದುವೆಯಾಗಿ ಇಲ್ಲೇ ಉಳಿದರು. ಹೆಂಡತಿ ಈಗಿಲ್ಲ. ಮಾತುಕತೆಯೆಲ್ಲ ನಮ್ಮ ಭಾಷೆಯಲ್ಲಿ; ಹಿಂದಿ ಬರೆಯುವ ಮೇಜಿಗೆ ಮಾತ್ರ.

“ಕಂಪನಿಯಲ್ಲಿ ನಿಮ್ಮನ್ನ ಏನಂತ ಕರೀತಿದ್ರು?”

“ನಗಾರಿ ಅಂತ.”

“ಪಿಸುಗುಟ್ಟೋ ಕೆಲಸಕ್ಕೆ ನಗಾರಿನ ಇಟ್ಕೊಂಡಿದ್ರಾ? ಮುಚ್ಚದೆ ಇನ್ನೇನಾಗುತ್ತೆ ಕಂಪನಿ.”

ಬಾಯಿ ಚೂಪು. ನಡೆಯುತ್ತದೆ. ಚೂಪು ಬಾಯಿಯ ರಾಜರನ್ನು ಎಷ್ಟು ಜನ ಕಂಡಿಲ್ಲ ನಾನು.

ಜೂನ್ ೬, ಗುರುವಾರ

ಕೆಲಸದ ಕ್ರಮ ಹೀಗೆ. ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ. ಅವರು ಹೇಳುವುದು, ನಾನು ಬರೆಯುವುದು. ಬಲಗೈಯ ತೋರುಬೆರಳು ಮೇಜಿನ ಮೇಲಿರುತ್ತದೆ. ಒಂದು ಸಲ ತಟ್ಟಿದರೆ ಅಲ್ಪವಿರಾಮ. ಎರಡು ಸಲ ತಟ್ಟಿದರೆ ವಾಕ್ಯ ಮುಗಿಯಿತು. ಮೂರು ಸಲ ತಟ್ಟಿದರೆ ಹೊಡೆದುಹಾಕು; ಅದು ಕೊನೆಗೆ ತಿದ್ದುವಾಗ ಮಾತ್ರ. ಸಂಜೆ ಮನೆಯಲ್ಲಿ ನಾನು ಅದನ್ನು ದುಂಡಗೆ ಶುದ್ಧಪ್ರತಿ ಮಾಡಬೇಕು.

“ಬರೆಸಿದ್ದನ್ನ ದಿನಾ ಓದಿ ಹೇಳ್ಲಾ ಮೇಷ್ಟ್ರೇ? ತಿದ್ದಬಹುದು.”

“ಬೇಡ. ಎಲ್ಲಾ ಹಾಳೆ ಕೈಗೆ ಬಂದ್ಮೇಲೇನೇ ನಾನು ಹೊಡೆದುಹಾಕೋಕೆ ಕೂರೋದು. ಅಲ್ಲೀವರೆಗೂ ಒಂದಕ್ಷರ ಮುಟ್ಟಲ್ಲ. ಹಳೇ ಚಾಳಿ.”

ಚಾಳಿಯ ಹಿಂದಿನ ಕಥೆಯನ್ನು ಮಗಳು ಹೇಳಿದರು. ಏಳು ಕಾದಂಬರಿ, ಎರಡು ವಿಮರ್ಶೆಯ ಸಂಪುಟ ಬರೆದರೂ ಮೇಷ್ಟ್ರ ಹೆಸರು ನಿಂತಿರುವುದು ಬೇರೊಂದರ ಮೇಲೆ. ಬಹಳ ಹಿಂದಿನ ಒಬ್ಬ ಕವಿಯ ಹಾಡುಪದಗಳ ಹನ್ನೊಂದು ಕೈಬರಹದ ಪ್ರತಿಗಳನ್ನು ಊರೂರು ಅಲೆದು ಹುಡುಕಿ, ಎಲ್ಲವೂ ಕೈಸೇರಿದ ಮೇಲೆ ಸಾಲಿಗೆ ಸಾಲು ಹೋಲಿಸಿ, ಕವಿ ಬರೆಯದೆ ನಡುವೆ ಯಾರೋ ಸೇರಿಸಿದ ಪ್ರಕ್ಷಿಪ್ತ ಸಾಲುಗಳನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದು ಬದಿಗಿಟ್ಟರು. ಹತ್ತೊಂಬತ್ತು ವರ್ಷದ ಕೆಲಸ. ಇನ್ನೂರ ಹದಿನಾರು ಸಾಲು ಹೋಯಿತು.

“ಹತ್ತೊಂಬತ್ತು ವರ್ಷ,” ಎಂದು ಇನ್ನೊಂದು ಸಲ ಹೇಳಿ ಮಗಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟರು. ಹೆಮ್ಮೆಯಿಂದ ಹೇಳಿದಂತೆ ಕೇಳಿಸಲಿಲ್ಲ.

ಜೂನ್ ೨೫, ಮಂಗಳವಾರ

ಎಂಟನೆಯ ಕಾದಂಬರಿ. ನಾಯಕ ಒಬ್ಬ ನಕ್ಷೆಗಾರ. ಊರ ಗಡಿ, ಹೊಲದ ಗಡಿ, ಎಲ್ಲರ ಗಡಿ ಅಳೆದವನು. ಹೆಂಡತಿ ಸಾಯುವ ಹೊತ್ತಿಗೆ ದೂರದೂರಲ್ಲಿ ಅಳತೆಯ ಸರಪಳಿ ಹಿಡಿದು ನಿಂತಿದ್ದಾನೆ. ಮಗಳು ಮನೆಬಾಗಿಲು ಮುಚ್ಚಿಬಿಡುತ್ತಾಳೆ. ಕಥೆಯೇನೋ ಘನವಾಗಿದೆ. ಆದರೆ ಹೇಳುವ ಪರಿ ನೋಡಿ: ಗುಡುಗಬೇಕಾದ ಕಡೆ ಮುದುಕಪ್ಪ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ಹೆಂಡತಿ ಸತ್ತ ಸುದ್ದಿಯ ಕಾಗದ ಬಂತು. ನಾಯಕ ಅದನ್ನು ಮಡಿಸಿ ನಕ್ಷೆಯ ಕೆಳಗಿಟ್ಟ. ಸರಪಳಿಯ ಕೊಂಡಿಗಳನ್ನು ಒರೆಸಿದ. ಮುಗಿಯಿತು, ಎರಡು ಸಲ ತಟ್ಟು. ನಮ್ಮ ಕಂಪನಿಯಲ್ಲಾಗಿದ್ದರೆ ಆ ಕಾಗದಕ್ಕೆ ಒಂದು ಹಾಡು, ಮೂರು ಪುಟ ಮಾತು, ಒಂದು ಮೂರ್ಛೆ.

ಅಕ್ಕನಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತ ಅಂದಳು: “ಯಾರಾದ್ರೂ ಸತ್ರೆ ನಿನ್ನಂಥೋರಿಗೆ ಮೂರು ಪುಟ ಬೇಕಾಗುತ್ತೆ ಕಣೋ. ದುಃಖ ಇರೋರಿಗೆ ಬೇಡ.”

ಇವಳಿಗೆ ರಸದ ಗಂಧವಿಲ್ಲ.

ಜುಲೈ ೯, ಮಂಗಳವಾರ

ಇವತ್ತು ಕೊಟ್ಟೆ. ಅಂದರೆ, ಮುಂದಿನ ಸಾಲು ಕೊಟ್ಟೆ.

ಪ್ರಾಂಪ್ಟರನ ಧರ್ಮ ಒಂದೇ. ನಟ ನಿಂತರೆ ಐದು ಎಣಿಸು. ಐದಕ್ಕೂ ಬಾಯಿ ತೆರೆಯದಿದ್ದರೆ ಮುಂದಿನ ಸಾಲು ಕೊಡು. ಹದಿನಾಲ್ಕನೆಯ ಅಧ್ಯಾಯದಲ್ಲಿ ನಕ್ಷೆಗಾರ ಖಾಲಿ ಮನೆಗೆ ಬರುತ್ತಾನೆ. “ಬೀಗ ತೆಗೆದ. ಒಳಗೆ ಬಂದ,” ಎಂದ ಮೇಷ್ಟ್ರು ನಿಂತರು. ಐದು ಎಣಿಸಿದೆ. ಹತ್ತಾಯಿತು. ಮೂವತ್ತಾಯಿತು. ಮುಖ ನೋಡಿದರೆ ಗೋಡೆ. ಪಾಪ, ಮರೆತಿದ್ದಾರೆ. ವಯಸ್ಸಾಯಿತಲ್ಲ. ನನ್ನ ಬಾಯಿಂದ ತಾನಾಗಿ ಬಂತು:

“ಗೋಡೆಗಳು ಅವನ ಹೆಸರು ಹಿಡಿದು ಕೂಗಿದವು.”

ಮೇಷ್ಟ್ರು ತಲೆ ನನ್ನತ್ತ ತಿರುಗಿಸಿದರು. ಕಾಣದ ಕಣ್ಣು ನನ್ನ ಹೆಗಲಿನ ಮೇಲೆಲ್ಲೋ ನಿಂತಿತು. ಏನೂ ಅನ್ನಲಿಲ್ಲ. ಬೆರಳೂ ಅಲುಗಲಿಲ್ಲ. ಆಮೇಲೆ ತಮ್ಮ ಪಾಡಿಗೆ, “ದೀಪ ಹಚ್ಚಲಿಲ್ಲ,” ಎಂದು ಮುಂದುವರಿದರು.

ಬೇಡವಾಗಿದ್ದರೆ ಬೇಡ ಅನ್ನುತ್ತಿದ್ದರು. ಶುದ್ಧಪ್ರತಿಯಲ್ಲಿ ಬರೆದುಕೊಂಡೆ. ಏನು ಹೊಂದುತ್ತದೆ ಅಂತೀರಿ.

ಇಲ್ಲಿ ಒಂದು ಹಳೆಯ ಪ್ರಸಂಗ ನೆನಪಾಗುತ್ತದೆ. ನಮ್ಮ ಕಂಪನಿಯ ದೊರೆ, ಅಂದರೆ ರಾಜನ ಪಾತ್ರವನ್ನೇ ಆಡುತ್ತಿದ್ದ ಮುಖ್ಯ ನಟ. ಮಗ ಸತ್ತ ಸುದ್ದಿ ಕೇಳುವ ದೃಶ್ಯ. ದೂತ ಸುದ್ದಿ ಹೇಳಿದ. ದೊರೆ ನಿಂತ. ಐದು ಎಣಿಸಿದೆ, ಎಂಟು ಎಣಿಸಿದೆ, ಕೊಟ್ಟೆ: “ಅಯ್ಯೋ ವಿಧಿಯೇ!” ನನ್ನ ಗಂಟಲು ನಗಾರಿ ತಾನೆ, ಕೊನೆಯ ಬೆಂಚಿಗೂ ಕೇಳಿಸಿತು. ಸಭೆ ಗೊಳ್ಳೆಂದಿತು. ಅವತ್ತಿನಿಂದ ಕಂಪನಿ ಬಿಡುವವರೆಗೆ ನಾಲ್ಕು ವರ್ಷ ಆ ಮನುಷ್ಯ ನನ್ನೊಡನೆ ಒಂದು ಮಾತಾಡಲಿಲ್ಲ. ಮರೆತಿದ್ದು ಅವನು, ಮುನಿಸು ನನ್ನ ಮೇಲೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

ಜುಲೈ ೨೨, ಸೋಮವಾರ

ಕಾದಂಬರಿ ಈಗ ಕುದುರೆಯಂತೆ ಓಡುತ್ತಿದೆ. ಮೇಷ್ಟ್ರು ನಿಂತ ಕಡೆಯಲ್ಲೆಲ್ಲ ನಾನಿದ್ದೇನೆ. ಬಾಯಿಬಿಟ್ಟು ಕೊಡುವುದನ್ನು ನಿಲ್ಲಿಸಿದ್ದೇನೆ, ಅವರ ಲಯ ಕೆಡುತ್ತದೆ. ನಿಂತ ಜಾಗಕ್ಕೆ ಅಂಚಿನಲ್ಲಿ ಚುಕ್ಕಿ ಇಟ್ಟುಕೊಂಡು, ಸಂಜೆ ಶುದ್ಧಪ್ರತಿ ಮಾಡುವಾಗ ತುಂಬುತ್ತೇನೆ. ಒಂದು ಕಡೆ ಒಂದು ಸಾಲು, ಇನ್ನೊಂದು ಕಡೆ ಎರಡು. ನಮ್ಮ ಕಾದಂಬರಿಗೆ ಹದಿನಾರು ಅಧ್ಯಾಯ ಆಯಿತು.

ಇವತ್ತು ವಿರಾಮದ ಹೊತ್ತಿಗೆ, ಟೀ ಕುಡಿಯುತ್ತ, ಮೇಷ್ಟ್ರು ತಾವಾಗಿ ಮಾತು ತೆಗೆದರು.

“ಪ್ರಕ್ಷಿಪ್ತ ಸಾಲನ್ನ ಹೆಂಗೆ ಹಿಡೀತಾರೆ ಗೊತ್ತೇನ್ರೀ ನಗಾರಿ?”

“ಭಾಷೆ ಕೆಟ್ಟಿರುತ್ತೆ ಅನ್ಸುತ್ತೆ.”

“ಅಲ್ಲ ಅಲ್ಲ. ಬಹಳ ಚೆನ್ನಾಗಿರುತ್ತೆ. ಕವಿ ಸುಮ್ಮನಿದ್ದ ಕಡೆ ಹಾಡೋರಿಗೆ ತಡೆಯೋಕಾಗಲ್ಲ. ಅಲ್ಲೇ ಒಂದು ಸಾಲು ಇಡ್ತಾರೆ. ಜನ ಅದಕ್ಕೇ ಅಳೋದು.” ಲೋಟವನ್ನು ಮೇಜಿನ ಅಂಚು ಸವರಿ ನೋಡಿ ಇಟ್ಟರು. “ಒಬ್ಬ ಮುದುಕ ಬಂದಿದ್ದ, ಹಾಡುಗಾರ. ನಾನು ತೆಗೆದ ಒಂದು ಪದಾನ ಹಾಡಿ ಅವರಪ್ಪನ್ನ ಮಣ್ಣಿಗೆ ಕಳಿಸಿದ್ನಂತೆ. ‘ಅದು ಕವೀದಲ್ಲ ಅಂತೀರಲ್ಲ ಸ್ವಾಮಿ, ಹಂಗಾದ್ರೆ ನಾನವತ್ತು ಹಾಡಿದ್ದು ಏನು’ ಅಂತ ನನ್ನ ಮೇಜಿನ ಮುಂದೆ ಕೂತು ಅತ್ತ.”

“ನೀವೇನಂದ್ರಿ?”

“ಪದ ನಿಂದೇ ಕಣಯ್ಯಾ, ಹಾಡ್ಕೋ ಅಂದೆ. ಅವನ ಹೆಸರಲ್ಲಿ ಬೇಡ, ಅಷ್ಟೇ ಅಂದೆ.”

ಕಲ್ಲೆದೆ ಎನ್ನದೆ ಇನ್ನೇನೆನ್ನಲಿ. ವಿದ್ವಾಂಸರಾದರೆ ಹೀಗೇ ಆಗುತ್ತದೋ ಏನೋ.

ಆಗಸ್ಟ್ ೫, ಸೋಮವಾರ

ಕೊನೆಯ ಅಧ್ಯಾಯ. ಹನ್ನೊಂದು ವರ್ಷದ ಮೇಲೆ ನಕ್ಷೆಗಾರ ಮಗಳ ಮನೆಗೆ ಬರುತ್ತಾನೆ. ಮೆಟ್ಟಿಲು ಹತ್ತುತ್ತಾನೆ. ಬಾಗಿಲು ಬಡಿಯುತ್ತಾನೆ. ಮೇಷ್ಟ್ರು ಹೇಳಿದರು:

“ಬಾಗಿಲು ತೆರೆಯಿತು. ಮಗಳು ನಿಂತಿದ್ದಳು.”

ಎರಡು ಸಲ ತಟ್ಟಿದರು. ನಿಂತರು.

ಗೋಡೆಯ ಗಡಿಯಾರ ನೋಡುತ್ತ ಕೂತೆ. ಹನ್ನೊಂದು ನಿಮಿಷ. ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯಿಂದ ಕಬ್ಬಿಣದ ಸರಳು ಇಳಿಸುತ್ತಿದ್ದರು. ಒಂದೊಂದು ಸರಳೂ ಬಿದ್ದು ಸುಮ್ಮನಾಗುವುದು ಕೇಳುತ್ತಿತ್ತು. ಮೇಷ್ಟ್ರ ಬೆರಳು ಮೇಜಿನಿಂದ ಒಂದು ಕೂದಲೆಳೆ ಮೇಲೆ ನಿಂತೇ ಇತ್ತು. ಕೊನೆಗೆ:

“ಅವಳು ಪಕ್ಕಕ್ಕೆ ಸರಿದಳು.” ಎರಡು ಸಲ ತಟ್ಟಿದರು. “ಮುಗೀತು ರೀ.”

ಮುಗಿಯುವುದೇ? ಹೆತ್ತ ತಂದೆ, ಹನ್ನೊಂದು ವರ್ಷದ ಮೇಲೆ, ಬಾಯಿ ತೆರೆಯುವುದಿಲ್ಲವೇ? ಹೆಂಡತಿಯ ಸಾವಿಗೆ ಬಾರದವನು, ತಪ್ಪಾಯಿತು ಎಂಬ ಒಂದು ಮಾತು? ಮರೆತರು. ಹನ್ನೊಂದು ನಿಮಿಷ ತಡಕಾಡಿ, ಸಿಗದೆ, ಕೈಬಿಟ್ಟರು. ಕಣ್ಣಾರೆ ಕಂಡೆ.

ಆಗಸ್ಟ್ ೬, ಮಂಗಳವಾರ

ಬರೆದೆ. ನಾಲ್ಕು ಪುಟ. ಬಾಗಿಲು ತೆರೆದದ್ದಕ್ಕೂ ಅವಳು ಸರಿದದ್ದಕ್ಕೂ ನಡುವೆ ಇಟ್ಟೆ.

ಅಕ್ಕ ಊಟಕ್ಕೆ ಮೂರು ಸಲ ಕರೆದಳಂತೆ, ಕೇಳಿಸಲಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ಬಾಯಿಗೆ ಬೇರೆಯವರ ಮಾತು ಕೊಟ್ಟವನು, ಮೊದಲ ಸಲ ನನ್ನದೇ ಮಾತು ಕೊಟ್ಟೆ. ‘ಮಗಳೇ, ಊರಿನ ಗಡಿಯೆಲ್ಲ ಅಳೆದೆ, ನಿನ್ನ ತಾಯಿಯ ಮಂಚದಿಂದ ನನ್ನ ದೂರ ಎಷ್ಟೆಂದು ಅಳೆಯಲಿಲ್ಲ,’ ಎಂದು ಶುರುವಾಗುತ್ತದೆ. ಓದುತ್ತ ನನಗೇ ಕಣ್ಣು ತುಂಬಿ ಅಕ್ಷರ ಈಜಿದವು. ನನ್ನ ಅಧ್ಯಾಯ ಇಡೀ ಪುಸ್ತಕವನ್ನು ಹೆಗಲ ಮೇಲೆ ಹೊತ್ತು ನಿಲ್ಲುತ್ತದೆ.

ನಾಳೆ ಶುದ್ಧಪ್ರತಿ ಟೈಪಿಗೆ ಹೋಗುತ್ತದೆ. ಟೈಪಾದ ಹಾಳೆಗಳೆಲ್ಲ ಕೈಗೆ ಬಂದ ಮೇಲೆ ಮೇಷ್ಟ್ರು ಕೇಳಲು ಕೂರುತ್ತಾರೆ. ಕೇಳಲಿ. ಅಲ್ಲಿ ತಿಳಿಯುತ್ತದೆ.

ಆಗಸ್ಟ್ ೧೯, ಸೋಮವಾರ

ಮೇಷ್ಟ್ರಿಗೆ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಪಾರ್ಶ್ವವಾಯು ಹೊಡೆದಿದೆ. ಬಲಗಡೆ ಪೂರ್ತಿ. ಮಾತು ಹೋಗಿದೆ.

ಟೈಪಾದ ಹಾಳೆಗಳು ಇವತ್ತೇ ಬಂದವು. ಮೇಜಿನ ಮೇಲಿಟ್ಟು ಬಂದೆ.

ಆಗಸ್ಟ್ ೩೦, ಶುಕ್ರವಾರ

ಮನೆಗೆ ಕರೆತಂದಿದ್ದಾರೆ. ಬರೆಯುವ ಕೋಣೆಯಲ್ಲೇ ಮಂಚ. ಮೇಷ್ಟ್ರ ಬಾಯಿ ಒಂದು ಕಡೆಗೆ ಜಾರಿದೆ. ಎಡಗೈ ಆಡುತ್ತದೆ. ಹೇಳಿದ್ದು ತಿಳಿಯುತ್ತದಂತೆ.

ನನ್ನ ಬರೆಯುವ ಕೆಲಸ ಮುಗಿಯಿತು. ಆದರೂ ಬನ್ನಿ ಎಂದರು ಮಗಳು. ಅವರು ಲ್ಯಾಬಿಗೆ ಹೋದಾಗ ಪಕ್ಕದಲ್ಲಿ ಒಬ್ಬರಿರಬೇಕು. ಕೂತಿರುತ್ತೇನೆ.

ಇವತ್ತು ಪ್ರಕಾಶನದ ಸಂಪಾದಕರು ಬಂದಿದ್ದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಮಗಳು ಕಳಿಸಿದ್ದ ಟೈಪ್ ಪ್ರತಿಯನ್ನು ಎದೆಗವಚಿಕೊಂಡು ನಡುಮನೆಯಲ್ಲಿ ಹೇಳಿದರು: “ಮೇಷ್ಟ್ರು ಜೀವಮಾನ ಪೂರ್ತಿ ಬಿಗಿಹಿಡಿದಿದ್ದನ್ನ ಈ ನಾಲ್ಕು ಪುಟದಲ್ಲಿ ಬಿಟ್ಟುಬಿಟ್ಟಿದ್ದಾರೆ ಕಣಮ್ಮ. ಪುಸ್ತಕದ ಜೀವ ಇರೋದೇ ಇಲ್ಲಿ. ಹಿಂಬದಿ ರಕ್ಷಾಪುಟಕ್ಕೆ ಇದನ್ನೇ ಹಾಕ್ತೀವಿ.” ಅಳತೆಯ ಸಾಲನ್ನು ಓದಿಯೂ ತೋರಿಸಿದರು.

ಗೋಡೆಗೊರಗಿ ನಿಂತಿದ್ದೆ. ಎದೆಯಲ್ಲಿ ಏಳು ನಗಾರಿ ಒಟ್ಟಿಗೆ ಬಡಿದವು. ನನ್ನ ಮಾತು ಮೊದಲ ಸಲ ದೀಪದ ಬೆಳಕಿಗೆ ಬಂದು ನಿಂತಿತ್ತು, ಬೇರೆಯವರ ಅಂಗಿ ಹಾಕಿಕೊಂಡು. ಆಗಲಿ. ಅಂಗಿ ಯಾರದಾದರೇನು.

“ಅಪ್ಪ ಇದನ್ನ ಬರೆಸಿದ ದಿನ ಅತ್ರಾ?” ಎಂದು ಸಂಪಾದಕರು ಹೋದ ಮೇಲೆ ಮಗಳು ಕೇಳಿದರು.

“ಹನ್ನೊಂದು ನಿಮಿಷ ಸುಮ್ಮನಿದ್ರು,” ಎಂದೆ. ಅದು ಸುಳ್ಳಲ್ಲ.

ಸೆಪ್ಟೆಂಬರ್ ೨, ಸೋಮವಾರ

ಮಗಳು ರಜೆ ಹಾಕಿದ್ದರು. ಅಪ್ಪನ ಉಗುರು ಕತ್ತರಿಸುತ್ತ ಕೂತಿದ್ದರು. ಇಷ್ಟು ದಿನ ಆ ಕೋಣೆಗೆ ಮಾತ್ರೆ ಕೊಡುವುದಕ್ಕಷ್ಟೇ ಬರುತ್ತಿದ್ದವರು ಅವರು. ಮೇಷ್ಟ್ರು ನಿದ್ದೆಯಲ್ಲಿದ್ದರು. ಮಗಳು ನನ್ನತ್ತ ತಿರುಗದೆ ಹೇಳಿದರು:

“ಅಮ್ಮ ಹೋದಾಗ ಇವರು ಇರಲಿಲ್ಲ. ಹನ್ನೊಂದನೇ ಪ್ರತಿ ಎಲ್ಲೋ ಸಿಕ್ತು ಅಂತ ಹೋಗಿದ್ರು. ಎರಡು ದಿನ ಬಿಟ್ಟು ಬಂದ್ರು. ನಾನು ನಾಲ್ಕು ವರ್ಷ ಮಾತು ಬಿಟ್ಟೆ. ಆಮೇಲೆ ಒಂದಿನ ನಾನಿದ್ದ ಬಾಡಿಗೆ ಮನೆ ಬಾಗಿಲಿಗೆ ಬಂದು ನಿಂತ್ರು.”

“ಏನಂದ್ರು?”

“ಏನೂ ಅನ್ನಲಿಲ್ಲ. ಕೈಯಲ್ಲಿ ಒಂದು ಚೀಲ. ಮಳೆ ಕೋಟು ಹಾಕ್ಕೊಂಡಿದ್ರು, ಮಳೇನೇ ಇರಲಿಲ್ಲ. ನಾನು ದಾರಿ ಬಿಟ್ಟೆ, ಒಳಗೆ ಬಂದ್ರು. ಅಷ್ಟೇ. ಹತ್ತು ವರ್ಷ ಆಯ್ತು. ಒಂದೇ ಒಂದು ಮಾತು ಹೇಳಲಿಲ್ವಲ್ಲ ಅಂತ ಇಷ್ಟು ದಿನ ಸಿಟ್ಟಿತ್ತು ನಂಗೆ.” ಉಗುರಿನ ಚೂರುಗಳನ್ನು ಕಾಗದಕ್ಕೆ ಗುಡಿಸಿಕೊಂಡರು. “ಈಗ ಹೇಳಿದ್ರಲ್ಲ. ಪುಸ್ತಕದಲ್ಲಿ. ಅದನ್ನ ಆರು ಸಲ ಓದಿದೆ.”

ಆ ಕಾಗದವನ್ನು ಅವರ ಕೈಯಿಂದ ಇಸಿದುಕೊಂಡು ಕಸದ ಬುಟ್ಟಿಗೆ ಹಾಕಿ ಬಂದೆ.

“ಒಂದ್ಸಲ ಅಪ್ಪಂಗೆ ಪೂರ್ತಿ ಓದಿ ಹೇಳಿ ನಗಾರಿಯವ್ರೇ. ನಾನು ಓದಿದ್ರೆ ಅಳು ಬರುತ್ತೆ. ಕೇಳಬೇಕು ಅಂತ ಇಟ್ಕೊಂಡಿದ್ರು, ಪಾಪ.”

ಸೆಪ್ಟೆಂಬರ್ ೩, ಮಂಗಳವಾರ

ಹೋಗಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ.

ಅಕ್ಕ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಹೊಟ್ಟೆಯೊಳಗೆ ಏನೋ ಇಟ್ಕೊಂಡಿದೀಯ. ಪಕ್ಕದ ಮನೆಯವಳು ಕೇಳ್ತಿದ್ಲು, ನಿಮ್ಮ ತಮ್ಮ ಊರಲ್ಲಿಲ್ವಾ, ದನಿನೇ ಕೇಳಲ್ಲ ಅಂತ.”

ಜನರಿಗೆ ಕೆಲಸವಿಲ್ಲ.

ಸೆಪ್ಟೆಂಬರ್ ೬, ಶುಕ್ರವಾರ

ಓದಲು ಶುರುಮಾಡಿದೆ. ಒಂದರಿಂದ ಹದಿಮೂರನೆಯ ಅಧ್ಯಾಯದವರೆಗೆ ಮೂರು ದಿನವಾದರೂ ಬೇಕು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಎಡಗೈಯನ್ನು ಮಂಚದ ಮರದ ಚೌಕಟ್ಟಿನ ಮೇಲೆ ಇಟ್ಟುಕೊಂಡಿದ್ದರು.

ಸೆಪ್ಟೆಂಬರ್ ೧೧, ಬುಧವಾರ

ಹದಿನಾಲ್ಕನೆಯ ಅಧ್ಯಾಯ. “ಬೀಗ ತೆಗೆದ. ಒಳಗೆ ಬಂದ. ಗೋಡೆಗಳು ಅವನ ಹೆಸರು ಹಿಡಿದು ಕೂಗಿದವು.”

ಟಕ್ ಟಕ್ ಟಕ್.

ತಲೆಯೆತ್ತಿದೆ. ಎಡಗೈಯ ತೋರುಬೆರಳು. ಕಣ್ಣು ಮುಚ್ಚಿಯೇ ಇತ್ತು. ಅಕಸ್ಮಾತ್ ಇರಬೇಕೆಂದು ಮುಂದೆ ಹೋದೆ. “ದೀಪ ಹಚ್ಚಲಿಲ್ಲ.” ಬೆರಳು ಸುಮ್ಮನಿತ್ತು.

ಎರಡು ಪುಟ ಬಿಟ್ಟು ನನ್ನದೊಂದು ಸಾಲು ಬಂತು. ಮೂರು ಸಲ. ಆಮೇಲೆ ಎಂಟು ಪುಟ ಅವರದೇ, ಅಲುಗಾಟವಿಲ್ಲ. ಮತ್ತೆ ನನ್ನದು. ಮೂರು ಸಲ. ಮೋಸ ಮಾಡಿ ನೋಡಿದೆ: ನನ್ನ ಸಾಲನ್ನು ಅವರ ಲಯದಲ್ಲಿ, ತಗ್ಗಿದ ದನಿಯಲ್ಲಿ, ಉಸಿರೇ ಬಿಡದೆ ಹಿಂದಿನ ವಾಕ್ಯಕ್ಕೆ ಅಂಟಿಸಿ ಓದಿದೆ. ಮೂರು ಸಲ. ಅವರ ಸಾಲೊಂದನ್ನು ನಗಾರಿಯ ಗಂಟಲಲ್ಲಿ ಗುಡುಗಿದೆ. ಬೆರಳು ಸುಮ್ಮನೆ.

ನಾನು ಅಂಚಿನಲ್ಲಿ ಗುರುತು ಹಾಕುತ್ತ ಹೋದೆ. ನಾಲ್ಕು ಪುಟಕ್ಕೆ ಬರುವ ಮೊದಲು ನಲವತ್ತೊಂದು ಸಲ. ನಾನು ಸೇರಿಸಿದ್ದು ನಲವತ್ತೆರಡು.

ಒಂದು ಸಾಲಿಗೆ ಮಾತ್ರ ಬೆರಳು ಏಳಲಿಲ್ಲ.

ಆಮೇಲೆ ಬಾಗಿಲು. ಮಗಳು ನಿಂತಿದ್ದಳು. ‘ಮಗಳೇ, ಊರಿನ ಗಡಿಯೆಲ್ಲ ಅಳೆದೆ’ ಎಂಬಲ್ಲಿಗೆ ಬಂದಾಗ ಬೆರಳು ತಟ್ಟಲು ಶುರುಮಾಡಿದ್ದು ನಿಲ್ಲಲಿಲ್ಲ. ಮೂರು, ಮೂರು, ಮೂರು. ಎರಡನೆಯ ಪುಟದ ಹೊತ್ತಿಗೆ ಕೈ ಸೋತು ಉಗುರಿನಿಂದ ಗೀರತೊಡಗಿದರು. ಓದುವುದು ನಿಲ್ಲಿಸಿದೆ.

“ಗೊತ್ತಾಯ್ತು ಮೇಷ್ಟ್ರೇ,” ಎಂದೆ.

ಕೈ ನಿಂತಿತು. ಮುಖದ ಆಡುವ ಅರ್ಧದಲ್ಲಿ ಏನಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಸಿಟ್ಟಂತೂ ಅಲ್ಲ.

ನಮ್ಮ ಕಂಪನಿಯ ಆ ದೊರೆಯೂ ಮಾತು ಮರೆತಿರಲಿಲ್ಲ.

ಸೆಪ್ಟೆಂಬರ್ ೧೨, ಗುರುವಾರ

ಈ ಗುಟ್ಟು ಬಲ್ಲವರು ಇಬ್ಬರು. ಒಬ್ಬರಿಗೆ ಮಾತಿಲ್ಲ. ಇನ್ನೊಬ್ಬನಿಗೆ ಬಾಯಿದೆ, ಅದು ತೆರೆದರೆ ಒಬ್ಬ ಹೆಣ್ಣುಮಗಳು ಆರು ಸಲ ಓದಿ ಎದೆಗಿಟ್ಟುಕೊಂಡದ್ದನ್ನು ಕಿತ್ತುಕೊಂಡಂತೆ. ಬೆಳಗಿನಿಂದ ಇದನ್ನೇ ತೂಗಿದೆ. ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದು. ನನಗೆ ಎಲ್ಲರಿಗಿಂತ ಒಳ್ಳೆಯದು. ಅದೇ ಸರಿ ಕಾಣಲಿಲ್ಲ.

ಮಗಳು ಲ್ಯಾಬಿನಿಂದ ಬಂದು ಚೀಲ ಇಳಿಸುವ ಮೊದಲೇ ಹೇಳಿದೆ. ಸುತ್ತಿಬಳಸಲಿಲ್ಲ.

“ಆ ನಾಲ್ಕು ಪುಟ ಮೇಷ್ಟ್ರದ್ದಲ್ಲಮ್ಮ. ನಾನು ಬರೆದಿದ್ದು.”

ಅವರು ಚೀಲವನ್ನು ಕುರ್ಚಿಯ ಮೇಲಿಟ್ಟರು. ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಲೋಟವನ್ನು ಇನ್ನೊಮ್ಮೆ ತೊಳೆದರು. ನಲ್ಲಿ ಹರಿಯುತ್ತಲೇ ಇತ್ತು.

“ಅಪ್ಪ ಏನು ಬರೆಸಿದ್ರು ಅಲ್ಲಿ?”

“ಬಾಗಿಲು ತೆರೆಯಿತು. ಮಗಳು ನಿಂತಿದ್ದಳು. ಅವಳು ಪಕ್ಕಕ್ಕೆ ಸರಿದಳು. ಅಷ್ಟೇ.”

“ನಡುವೆ?”

“ಏನಿಲ್ಲ. ಹನ್ನೊಂದು ನಿಮಿಷ.”

ನಲ್ಲಿ ನಿಲ್ಲಿಸಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ನಿಮ್ಮನ್ನ ಯಾರು ಕೇಳಿದ್ರು?” ಎಂದರು, ತೀರ ಮೆಲ್ಲಗೆ. ಆಮೇಲೆ ನೆಲ ನೋಡುತ್ತ, “ಪಕ್ಕಕ್ಕೆ ಸರಿದಳು ಅಂತ ಅವರೇ ಹೇಳಿದ್ದಾ? ಅದು ನಿಮ್ಮದಲ್ಲ ತಾನೆ?”

“ನನ್ನಾಣೆ, ಅದು ಅವರದೇ. ಎರಡು ಸಲ ತಟ್ಟಿದ್ರು ಕೂಡ.”

ಸೆರಗಿಗೆ ಕೈ ಒರೆಸಿಕೊಂಡರು.

“ಹಾಗಾದ್ರೆ ನಾನು ಸರಿದಿದ್ದು ಅವರಿಗೆ ಕಾಣಿಸಿತ್ತು,” ಎಂದರು. “ಹೊಡೆದುಹಾಕಿ ಎಲ್ಲಾನೂ. ಸಂಪಾದಕರಿಗೆ ನಾನು ಹೇಳ್ತೀನಿ.”

ಸೆಪ್ಟೆಂಬರ್ ೨೦, ಶುಕ್ರವಾರ

ಹೊಡೆದೆ. ಮೇಷ್ಟ್ರ ಮಂಚದ ಪಕ್ಕವೇ ಕೂತು, ಪ್ರತಿ ಸಾಲನ್ನೂ ಓದಿ ಹೇಳಿ, ಗೆರೆ ಎಳೆದೆ. ಗೆರೆಯ ಸದ್ದು ಕೇಳಿಸಲಿ ಎಂದು ಪೆನ್ಸಿಲ್ ಒತ್ತಿ ಎಳೆದೆ. ಸಂಪಾದಕರು ಫೋನಿನಲ್ಲಿ ಅರ್ಧ ಗಂಟೆ ಗೋಗರೆದರಂತೆ. ಮಗಳು ಮಣಿಯಲಿಲ್ಲ.

ಬೆರಳು ಏಳದಿದ್ದ ಆ ಒಂದು ಸಾಲಿನ ಹತ್ತಿರ ಪೆನ್ಸಿಲ್ ನಿಂತಿತು. ಒಪ್ಪಿದ್ದರೋ, ಆ ಹೊತ್ತಿಗೆ ತೂಕಡಿಸಿದ್ದರೋ. ಕೇಳಬಹುದಾಗಿತ್ತು. ಕೇಳಲಿಲ್ಲ. ಅದನ್ನೂ ಹೊಡೆದೆ. ಯಾವ ಸಾಲೆಂದು ಇಲ್ಲಿಯೂ ಬರೆಯುವುದಿಲ್ಲ.

ಅಕ್ಟೋಬರ್ ೩, ಗುರುವಾರ

ಮೇಷ್ಟ್ರು ಹೋದರು. ಬೆಳಿಗ್ಗೆ ಹತ್ತು ಗಂಟೆ, ಬರೆಸಲು ಕೂರುವ ಹೊತ್ತು. ಮಗಳು ಪಕ್ಕದಲ್ಲಿದ್ದರು. ನಾನು ಬಾಗಿಲಿನಲ್ಲಿದ್ದೆ.

ಅಕ್ಟೋಬರ್ ೪, ಶುಕ್ರವಾರ

ಬರೆಯಲು ಏನೂ ಇಲ್ಲ.

ಡಿಸೆಂಬರ್ ೧೫, ಭಾನುವಾರ

ಪುಸ್ತಕ ಬಂತು. ಕಾಲೇಜಿನ ಸಭಾಂಗಣದಲ್ಲಿ ಸಣ್ಣ ಸಭೆ. ಎಪ್ಪತ್ತು ಜನ ಇದ್ದಿರಬಹುದು. ಅರ್ಧ ಅವರ ಹಳೆಯ ವಿದ್ಯಾರ್ಥಿಗಳು, ಅವರಲ್ಲೂ ಅರ್ಧ ಮುದುಕರು. ಕೊನೆಯ ಪುಟ ನೀವೇ ಓದಬೇಕು ಎಂದಿದ್ದರು ಮಗಳು. ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಎರಡನೆಯ ಸಾಲಿನಲ್ಲಿ ಕೂತಿದ್ದಳು. ಹೊರಡುವಾಗ, “ಮೈಕ್ ಇದೆಯಂತೆ. ನಿನ್ನ ಗಂಟಲಿಗೆ ಮೈಕೂ ಸೇರಿದ್ರೆ ಗೋಡೆ ನಿಲ್ಲುತ್ತಾ?” ಎಂದಿದ್ದಳು. ನಾನು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಾಗ, ಮುಂದಿನ ಸಾಲಿನವರು ಕೇಳಿಸುತ್ತಿಲ್ಲ ಎಂದು ಕೈಸನ್ನೆ ಮಾಡಿದರು. ಮೈಕ್ ಕೆಟ್ಟಿರಬೇಕು.

ಇಪ್ಪತ್ತೆರಡು ವರ್ಷ ದೀಪದ ಬೆಳಕನ್ನು ಪಕ್ಕದಿಂದ ಕಂಡವನು. ಇವತ್ತು ಅದು ಮುಖದ ಮೇಲಿತ್ತು. ನಕ್ಷೆಗಾರ ಮೆಟ್ಟಿಲು ಹತ್ತಿದ. ಬಾಗಿಲು ಬಡಿದ. ಓದಿದೆ:

“ಬಾಗಿಲು ತೆರೆಯಿತು. ಮಗಳು ನಿಂತಿದ್ದಳು.”

ನಿಲ್ಲಿಸಿದೆ.

ಐದು ಎಣಿಸಿದೆ. ಹತ್ತು ಎಣಿಸಿದೆ. ಯಾರೋ ಕೆಮ್ಮಿದರು. ಒಂದು ಕುರ್ಚಿ ಕಿರುಗುಟ್ಟಿತು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಮಗಳು ತೊಡೆಯ ಮೇಲಿನ ಪುಸ್ತಕ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತಾದ ಮೇಲೆ ಎಣಿಸುವುದು ತಪ್ಪಿತು.

ಸಭೆ ನಡೆಸುತ್ತಿದ್ದ ಪ್ರಾಧ್ಯಾಪಕರು, ಒಳ್ಳೆಯ ಮನುಷ್ಯ, ಕುರ್ಚಿಯಿಂದ ಮುಂದೆ ಬಾಗಿದರು. ಕೈಯಲ್ಲಿ ಪುಸ್ತಕ ಬಿಡಿಸಿಕೊಂಡಿದ್ದರು. ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು: “ಅವಳು ಪಕ್ಕಕ್ಕೆ ಸರಿದಳು... ಅವಳು ಪಕ್ಕಕ್ಕೆ...”

ಕೊನೆಯ ಬೆಂಚಿಗೂ ಕೇಳಿಸಿತು. ಹಿಂದೆ ಯಾರೋ ನಕ್ಕರು.

ನಾನು ಅವರತ್ತ ತಿರುಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೆ, ನಗು ತಾನಾಗಿ ಆರಿಹೋಗುವವರೆಗೆ, ಆಮೇಲೂ. ಆಮೇಲೆ ಆ ಸಾಲು ಹೇಳಿದೆ. ಮೇಜಿನ ಮೇಲೆ ಎರಡು ಸಲ ತಟ್ಟಿ ಕೆಳಗಿಳಿದೆ.